ಯುದ್ಧದ ಕಥೆ ಕೇಳ್ತಾ ಕೇಳ್ತಾ ತೂತು ಕಾಸು ನೆನಪಾಯ್ತು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಪಾಡ್‌ಕಾಸ್ಟ್ ಕೇಳುವವರ ಬಗ್ಗೆ ಒಂದು ಪುಟ ಹಾಕಿದ್ದಿರಿ. ಷೇರು ಮಾರುಕಟ್ಟೆ ಇತ್ತು, ಅಡುಗೆ ಇತ್ತು, ಸಿನಿಮಾ ಮಂದಿಯ ಹರಟೆ ಇತ್ತು, ದೆವ್ವದ ಕಥೆಗೂ ಒಂದು ಬಾಕ್ಸ್ ಇತ್ತು. ಇತಿಹಾಸದ ಸುದ್ದಿಯೇ ಇರಲಿಲ್ಲ. ಅದರಲ್ಲೂ ಎರಡು ಮಹಾಯುದ್ಧಗಳ ಬಗ್ಗೆ ಜಗತ್ತಿನಲ್ಲಿ ಎಷ್ಟು ಪಾಡ್‌ಕಾಸ್ಟ್ ಬರ್ತಾ ಇದೆ, ಅದನ್ನು ನಮ್ಮಲ್ಲಿ ಎಷ್ಟು ಜನ ಸದ್ದಿಲ್ಲದೆ ಕೇಳ್ತಾ ಇದ್ದಾರೆ ಅನ್ನೋದು ನಿಮ್ಮ ಲೇಖಕರಿಗೆ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗುತ್ತೆ. ಕತ್ತರಿ ಹಾಕಲೇಬೇಕು ಅಂದ್ರೆ ಮೊದಲಿಂದ ಹಾಕಿ, ಕೊನೆಗೆ ಒಂದು ಬೇಡಿಕೆ ಇದೆ.

ನಾನು ತುಮಕೂರಿನವನು. ಬೆಂಗಳೂರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ, ದಿನಾ ರೈಲು. ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ ಗಂಟೆ, ಸಿಗ್ನಲ್ ಸಿಗಲಿಲ್ಲ ಅಂತ ಚಿಕ್ಕಬಾಣಾವರದ ಹತ್ತಿರ ನಿಲ್ಲಿಸಿಬಿಟ್ಟರೆ ಇನ್ನೂ ಜಾಸ್ತಿ. ನಮ್ಮ ಬೋಗಿಯಲ್ಲಿ ಒಂದು ಕಡೆ ಸೂಟ್‌ಕೇಸ್ ಮೇಲೆ ಟವೆಲ್ ಹಾಸಿಕೊಂಡು ಇಸ್ಪೀಟು, ಇನ್ನೊಂದು ಕಡೆ ಭಜನೆ. ನಾನು ಎರಡಕ್ಕೂ ಸಲ್ಲದವನು. ಪುಸ್ತಕ ಹಿಡಿದರೆ ಕ್ಯಾತ್ಸಂದ್ರ ದಾಟೋದರೊಳಗೆ ನಿದ್ದೆ. ಹಾಗಾಗಿ ಕಿವಿಗೆ ಇಯರ್‌ಫೋನ್ ಬಂತು.

ಶುರುವಾಗಿದ್ದು ಡ್ಯಾನ್ ಕಾರ್ಲಿನ್ ಅನ್ನೋ ಅಮೆರಿಕದವರಿಂದ. ಅವರ 'ಹಾರ್ಡ್‌ಕೋರ್ ಹಿಸ್ಟರಿ'ಯಲ್ಲಿ ಮೊದಲ ಮಹಾಯುದ್ಧದ ಮೇಲೆ 2013ರಿಂದ 2015ರವರೆಗೆ ಬಂದ ಒಂದು ಸರಣಿ ಇದೆ. ಎಪಿಸೋಡು ಬರೀ ಆರು, ಆದರೆ ಎಲ್ಲ ಸೇರಿ ಇಪ್ಪತ್ತು ಗಂಟೆ ಮೀರುತ್ತೆ. ಒಂದೊಂದು ಎಪಿಸೋಡು ನಮ್ಮ ಕಡೆಯ ರಾತ್ರಿ ಬಯಲಾಟದ ಹಾಗೆ, ಮುಗಿಯೋ ಮಾತೇ ಇಲ್ಲ. ಆ ಮನುಷ್ಯ ತಾನು ಇತಿಹಾಸಕಾರ ಅಲ್ಲ ಅಂತ ಮತ್ತೆ ಮತ್ತೆ ಹೇಳ್ತಾರೆ, ಹೇಳಿಕೊಂಡೇ ನಿಮ್ಮನ್ನು ಕಂದಕದ ಕೆಸರಿನಲ್ಲಿ ಕೂರಿಸಿಬಿಡ್ತಾರೆ. ವೆರ್ಡೂನ್‌ ಕದನದ ಭಾಗ ಕೇಳ್ತಾ ಒಂದು ಸಂಜೆ ತುಮಕೂರು ಸ್ಟೇಷನ್ ಬಂದಿದ್ದೇ ಗೊತ್ತಾಗಲಿಲ್ಲ, ಇಸ್ಪೀಟಿನವರು ಭುಜ ಅಲ್ಲಾಡಿಸಿ ಇಳಿಸಿದರು. ಆಮೇಲೆ ಎರಡನೇ ಮಹಾಯುದ್ಧಕ್ಕೆ 'ವಿ ಹ್ಯಾವ್ ವೇಸ್ ಆಫ್ ಮೇಕಿಂಗ್ ಯು ಟಾಕ್' ಹಿಡಿದೆ. ಹಾಸ್ಯಗಾರ ಆಲ್ ಮರ್ರೆ, ಇತಿಹಾಸಕಾರ ಜೇಮ್ಸ್ ಹಾಲೆಂಡ್ ಇಬ್ಬರೂ ಕೂತು ಒಂದು ಟ್ಯಾಂಕಿನ ಗೇರ್‌ಬಾಕ್ಸಿನ ಮೇಲೆ ಮುಕ್ಕಾಲು ಗಂಟೆ ಮಾತಾಡಬಲ್ಲರು. 2019ರಿಂದ ಮಾತಾಡ್ತಾನೇ ಇದ್ದಾರೆ. ಅರಳಿಕಟ್ಟೆ ಮೇಲೆ ಕೂತ ಇಬ್ಬರು ಗೆಳೆಯರ ಹಾಗೆ, ಒಬ್ಬ ಏನೋ ಅಂದ್ರೆ ಇನ್ನೊಬ್ಬ ಅದಕ್ಕೊಂದು ಸೇರಿಸ್ತಾನೆ.

ಒಂದು ಬೆಳಿಗ್ಗೆ ಫ್ರಾನ್ಸಿನ ನಾರ್ಮಂಡಿಯ ಕಥೆ ನಡೀತಿತ್ತು. 1944ರ ಜೂನ್ 6, ಓಮಾಹಾ ಅನ್ನೋ ಸಮುದ್ರ ದಂಡೆ, ಅಮೆರಿಕದ ಸೈನಿಕರು ಕಲ್ಲಿನ ದಿಬ್ಬಕ್ಕೆ ಅಂಟಿಕೊಂಡು ಮಲಗಿದ್ದಾರೆ, ಎದುರಿಗೆ ಮುಳ್ಳುತಂತಿಯ ಸುರುಳಿ, ಅದರಾಚೆ ಮೆಷಿನ್‌ಗನ್. ಆಗ ಬಂತು ಮಾತು: ಬ್ಯಾಂಗಲೋರ್ ತನ್ನಿ ಅಂತ. ನಾನು ಎದ್ದು ಕೂತೆ. ಹಿಂದಕ್ಕೆ ತಳ್ಳಿ ಮತ್ತೆ ಕೇಳಿದೆ. ಬ್ಯಾಂಗಲೋರೇ. ಒಂದಕ್ಕೊಂದು ಜೋಡಿಸುವ ಉದ್ದನೆಯ ಕೊಳವೆಗಳು, ಒಳಗೆ ಸಿಡಿಮದ್ದು. ತಂತಿಯ ಕೆಳಗೆ ತಳ್ಳಿ ಸಿಡಿಸಿದರೆ ಜನ ನುಗ್ಗುವಷ್ಟು ದಾರಿ ಆಗುತ್ತೆ. ಅದರ ಹೆಸರೇ ಬ್ಯಾಂಗಲೋರ್ ಟಾರ್ಪೆಡೊ. 1912ರಲ್ಲಿ ಮದ್ರಾಸ್ ಸ್ಯಾಪರ್ಸ್ ಅನ್ನೋ ಸೇನೆಯ ಎಂಜಿನಿಯರ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಕ್ ಅನ್ನೋರು ಇದನ್ನು ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ. ಆ ಪಡೆಯ ಕೇಂದ್ರ ಈಗಲೂ ಹಲಸೂರು ಕೆರೆ ಪಕ್ಕದಲ್ಲೇ ಇದೆ, ನಾನು ಎಷ್ಟೋ ಸಲ ಅದರ ಗೋಡೆ ಪಕ್ಕ ಬಸ್ಸಿಗೆ ಕಾದಿದ್ದೀನಿ. ಪಾಡ್‌ಕಾಸ್ಟಿನವರು ಆ ಹೆಸರು ಯಾಕೆ ಬಂತು ಅಂತ ಹೇಳಲಿಲ್ಲ. ಅವರಿಗೆ ಅದು ಸಾಮಾನಿನ ಹೆಸರು ಅಷ್ಟೆ. ಪಕ್ಕದಲ್ಲಿ ಕೂತವರಿಗೆ ಹೇಳೋಣ ಅಂತ ತಿರುಗಿದೆ, ಅವರು ಕಡ್ಲೆಕಾಯಿ ಸುಲೀತಾ ಇದ್ದರು. ಸುಮ್ನಾದೆ.

ಅವತ್ತಿಂದ ಕಿವಿ ಬೇರೆ ಥರ ಕೆಲಸ ಮಾಡೋಕೆ ಶುರುವಾಯ್ತು. ಎಲ್ಲಿ ನಮ್ಮವರು ಬರ್ತಾರೆ, ಬಂದರೆ ಎಷ್ಟು ಹೊತ್ತು ಇರ್ತಾರೆ ಅಂತ ಲೆಕ್ಕ ಹಾಕ್ತಾ ಕೇಳೋದು. ಲೆಕ್ಕದವನ ಬುದ್ಧಿ ನೋಡಿ. ಮೊದಲ ಯುದ್ಧದಲ್ಲಿ ಹಿಂದೂಸ್ತಾನದಿಂದ ಹೊರದೇಶಗಳಿಗೆ ಹೋದವರು 10 ಲಕ್ಷಕ್ಕೂ ಜಾಸ್ತಿ, ಸತ್ತವರು 70 ಸಾವಿರದ ಮೇಲೆ. ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಎರಡನೇ ಯುದ್ಧದ ಹೊತ್ತಿಗೆ ಸೈನ್ಯ 25 ಲಕ್ಷಕ್ಕೆ ಮುಟ್ಟಿತ್ತು. ಇಷ್ಟು ಜನಕ್ಕೆ ಇಂಗ್ಲಿಷ್ ಪಾಡ್‌ಕಾಸ್ಟುಗಳಲ್ಲಿ ಸಿಗೋದು ಸಾಮಾನ್ಯವಾಗಿ ಒಂದು ಸಾಲು, ಜೊತೆಗೆ ಭಾರತೀಯ ಪಡೆಗಳೂ ಇದ್ದವು ಅಂತ. ಎಲ್ಲರೂ ಹಾಗಲ್ಲ ಬಿಡಿ. 1944ರಲ್ಲಿ ಜಪಾನೀಯರನ್ನು ತಡೆದ ಕೊಹಿಮಾ, ಇಂಫಾಲ ಅಂದ್ರೆ ಈಗ ಅವರೂ ನಿಧಾನಕ್ಕೆ ಕೂತು ಹೇಳ್ತಾರೆ. 2013ರಲ್ಲಿ ಲಂಡನ್ನಿನ ಸೇನಾ ಮ್ಯೂಸಿಯಮ್ಮಿನವರು ಬ್ರಿಟನ್ನಿನ ಅತಿ ದೊಡ್ಡ ಕದನ ಯಾವುದು ಅಂತ ಮತ ಹಾಕಿಸಿದಾಗ ಗೆದ್ದಿದ್ದೂ ಅದೇ. ಕೊಹಿಮಾದಲ್ಲಿ ಜಿಲ್ಲಾಧಿಕಾರಿ ಬಂಗಲೆಯ ಟೆನಿಸ್ ಅಂಗಳದ ಈಚೆ ಒಂದು ಸೈನ್ಯ, ಆಚೆ ಇನ್ನೊಂದು. ಅಷ್ಟು ಹತ್ತಿರ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ತಾತಂದಿರ ಕಥೆ ಅವರು ಹೇಳ್ಕೊಳ್ತಾರೆ. ಸಿಟ್ಟು ಇರೋದು ನಮ್ಮವರ ಮೇಲೆ.

ಕನ್ನಡದಲ್ಲಿ ಏನಿದೆ ಅಂತ ಹುಡುಕಿದೆ ಸ್ವಾಮಿ. ಒಳ್ಳೆ ಹರಟೆಯ ಪಾಡ್‌ಕಾಸ್ಟುಗಳು ಇವೆ, 'ತಲೆ-ಹರಟೆ'ಯಂಥವು, ಆಗಾಗ ಇತಿಹಾಸವನ್ನೂ ಮುಟ್ಟುತ್ತವೆ. ಆದರೆ ಮಹಾಯುದ್ಧ ಅಂತ ಹುಡುಕಿದರೆ ಮೊದಲು ಸಿಗೋದು ಯುಟ್ಯೂಬಿನಲ್ಲಿ ಯಾರೋ ಏರುದನಿಯಲ್ಲಿ ಓದುವ ಕಥೆಗಳು. ಹಿಟ್ಲರ್ ಇನ್ನೂ ಬದುಕಿದ್ದನಾ, ಹಿಟ್ಲರನ ಚಿನ್ನ ಎಲ್ಲಿದೆ, ಹಿಟ್ಲರನಿಗೆ ಸಂಸ್ಕೃತ ಬರ್ತಿತ್ತಾ. ಹಿನ್ನೆಲೆಯಲ್ಲಿ ಡ್ರಮ್ಮು ಎಷ್ಟು ಜೋರು ಅಂದ್ರೆ ಮಾತು ಕೇಳೋದಿಲ್ಲ, ಕೇಳದಿದ್ದರೆ ನಷ್ಟವೂ ಇಲ್ಲ. ಊರಿನ ಹೆಸರು ತಪ್ಪಾಗಿ ಓದೋದನ್ನು ಮಾತ್ರ ನಾನು ಕ್ಷಮಿಸ್ತೀನಿ. ಬೆಲ್ಜಿಯಮ್ಮಿನ ಈಪ್ರ ಅನ್ನೋ ಊರನ್ನು ಒಬ್ಬರು 'ಯಪ್ರೆಸ್' ಅಂದರು. ಅಲ್ಲೇ ನಾಲ್ಕು ವರ್ಷ ಗುಂಡು ತಿಂದ ಇಂಗ್ಲಿಷ್ ಸಿಪಾಯಿಗಳೇ ಅದನ್ನು 'ವೈಪರ್ಸ್' ಅಂತಿದ್ದರಂತೆ, ನಮ್ಮವರದ್ದೇನು ಮಹಾ ತಪ್ಪು.

ಆದರೆ ಮೊದಲ ಯುದ್ಧದಲ್ಲಿ ತುರ್ಕರ ಕೈಲಿದ್ದ, ಈಗಿನ ಇಸ್ರೇಲಿನ ಹೈಫಾ ಊರಿನ ವಿಷಯಕ್ಕೆ ಬಂದಾಗ ಹೊಟ್ಟೆ ಉರಿಯುತ್ತೆ. ಇದು ನಮ್ಮದೇ ಕಥೆ, ಮೈಸೂರು ಲ್ಯಾನ್ಸರ್ಸ್ ಅನ್ನೋ ಮೈಸೂರು ಸಂಸ್ಥಾನದ ಕುದುರೆ ಪಡೆಯ ಕಥೆ, ಇದನ್ನೂ ಕೆಡಿಸಿಟ್ಟಿದ್ದಾರೆ. ಪ್ರತಿ ಸೆಪ್ಟೆಂಬರಿನಲ್ಲಿ ವಾಟ್ಸಾಪಿನಲ್ಲಿ ಬರುತ್ತೆ ನೋಡಿ, ಹೈಫಾದಲ್ಲಿ ನಮ್ಮ 900 ವೀರರು ಪ್ರಾಣ ಕೊಟ್ಟರು, ಜಗತ್ತಿನ ಕಟ್ಟಕಡೆಯ ಕುದುರೆ ದಾಳಿ ಅದು ಅಂತ. ಅದನ್ನೇ ಒಂದು ಆಡಿಯೊದಲ್ಲೂ ಕೇಳಿದೆ, ಅಕ್ಷರ ಬಿಡದೆ. ಎರಡೂ ಸುಳ್ಳು. 1918ರ ಸೆಪ್ಟೆಂಬರ್ 23ರ ಆ ದಾಳಿಯಲ್ಲಿ ಸತ್ತವರು 8 ಜನ, ಗಾಯಗೊಂಡವರು 34. ಕುದುರೆಗಳು 60 ಸತ್ತವು. ಆ 900 ಅನ್ನೋದು ಈಗಿನ ಇಸ್ರೇಲಿನ ಬೇರೆ ಬೇರೆ ಸ್ಮಶಾನಗಳಲ್ಲಿ, ಯುದ್ಧದ ಅಷ್ಟೂ ವರ್ಷಗಳಲ್ಲಿ ಸತ್ತು ಹೆಸರು ಕೆತ್ತಿಸಿಕೊಂಡ ಭಾರತೀಯ ಸೈನಿಕರ ಲೆಕ್ಕ. ಇನ್ನು ಕಟ್ಟಕಡೆಯ ಕುದುರೆ ದಾಳಿ ಅನ್ನೋದು. 1942ರ ಮಾರ್ಚಿನಲ್ಲಿ ಬರ್ಮಾದ ಟೌಂಗೂ ಹತ್ತಿರ ಕ್ಯಾಪ್ಟನ್ ಸ್ಯಾಂಡೆಮನ್ ಜೊತೆ ಸಿಖ್ ಸವಾರರು ಜಪಾನೀಯರ ಮೇಲೆ ಕುದುರೆ ಏರಿ ನುಗ್ಗಿದರು, ಅದೇ ವರ್ಷ ಆಗಸ್ಟಿನಲ್ಲಿ ರಷ್ಯಾದಲ್ಲಿ ಇಟಲಿಯವರು ನುಗ್ಗಿದರು.

ಯಾಕಪ್ಪಾ ಸುಳ್ಳು ಬೇಕು? ನಿಜ ಏನಾಯ್ತು ಅಂತ ಕೇಳಿ, ಅದೇ ಸಾಕು ಮೈ ಜುಮ್ಮನ್ನೋಕೆ. ಹೈಫಾ ಊರಿಗೆ ಹೋಗುವ ದಾರಿಯ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ. ಬೆಟ್ಟದ ಮೇಲೆ ಫಿರಂಗಿ, ತಪ್ಪಲಲ್ಲಿ ಮೆಷಿನ್‌ಗನ್. ಜೋಧಪುರದ ಸವಾರರು ಊರಿನ ಕಡೆಗೆ, ಮೈಸೂರಿನ ಒಂದು ತುಕಡಿ ಬೆಟ್ಟದ ಮೇಲಿನ ಫಿರಂಗಿಗೆ ಅಂತ ಹಂಚಿಕೆ. ಜೋಧಪುರದವರು ಹೊಳೆ ದಾಟೋಣ ಅಂತ ಹೋದರೆ ದಡದ ಹುದುಲಲ್ಲಿ ಕುದುರೆಗಳು ಹೂತವು. ಗುಂಡು ಸುರೀತಿರುವಾಗಲೇ ಪಕ್ಕಕ್ಕೆ ತಿರುಗಿ ತಪ್ಪಲಿನ ಮೆಷಿನ್‌ಗನ್ನುಗಳ ಮೇಲೇ ಬಿದ್ದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಬಿದ್ದರು. ಇತ್ತ ಮೈಸೂರಿನವರು ಮೇಕೆ ಹತ್ತುವಂಥ ಕಡಿದಾದ ದಾರಿಯಲ್ಲಿ ಕುದುರೆ ಹತ್ತಿಸಿದರು. ಕುದುರೆಗಳು ದಾರಿಯುದ್ದಕ್ಕೂ ಕುಂಟಿ ಕೈಕೊಟ್ಟವು, ಕೆಲವರು ಇಳಿದು ಗುಂಡು ಹಾರಿಸಿ ಮರೆ ಕೊಡೋಕೆ ನಿಂತರು, ಕೊನೆಗೆ ಮೇಲೆ ಮುಟ್ಟಿ ಭರ್ಜಿ ಹಿಡಿದು ಫಿರಂಗಿಯ ಮೇಲೆ ನುಗ್ಗಿದವರು ಹತ್ತು ಹದಿನೈದು ಜನ. ಅಷ್ಟೇ. ಫಿರಂಗಿ ಸಿಕ್ಕಿತು. ಸಂಜೆ ಹೊತ್ತಿಗೆ ಊರಲ್ಲಿ ಸೆರೆ ಸಿಕ್ಕವರು 1,350.

ಇದನ್ನು ಒಬ್ಬರು ಕೂತು, ಬೆಟ್ಟ ಎಲ್ಲಿ ಹೊಳೆ ಎಲ್ಲಿ ಅಂತ ಬಿಡಿಸಿ, ಅರ್ಧ ಗಂಟೆ ಕನ್ನಡದಲ್ಲಿ ಹೇಳಲಿ ನೋಡೋಣ. ಅದರ ಹಿಂದಿನ ನಾಲ್ಕು ವರ್ಷವೂ ಇದೆ. 1914ರಲ್ಲಿ ನಾಲ್ವಡಿಯವರು ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟರು, ಸವಾರರನ್ನು ಹಡಗು ಹತ್ತಿಸಿದರು. ಅರಸುಗಳು, ಮರಾಠರು, ಮುಸಲ್ಮಾನರು ಎಲ್ಲರೂ ಇದ್ದ ಪಡೆ ಅದು. ಎದುರಿಗಿದ್ದ ತುರ್ಕಿಯ ಸುಲ್ತಾನ ಆಗ ಖಲೀಫ, ಅಂದ್ರೆ ಮುಸ್ಲಿಮರ ಧಾರ್ಮಿಕ ಮುಖಂಡ ಬೇರೆ, ಆ ಮುಸ್ಲಿಂ ಸವಾರರ ಮನಸ್ಸಿನಲ್ಲಿ ಏನು ನಡೀತಿತ್ತು? ನನಗೆ ಯುದ್ಧಕ್ಕಿಂತ ಜಾಸ್ತಿ ಕುತೂಹಲ ಇರೋದು ಅಲ್ಲಿ. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳು ಇವರದ್ದೇ, ಮೈಸೂರು, ಜೋಧಪುರ, ಹೈದರಾಬಾದಿನ ಸವಾರರದ್ದು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಅಂತಲೂ ಹೆಸರು ಸೇರಿಸಿದರು, ಆಗ ಟಿವಿಯಲ್ಲಿ ಎರಡು ದಿನ ಬಂತು. ನಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲೇ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಒಂದು ಶನಿವಾರ ಆಫೀಸು ಬೇಗ ಬಿಟ್ಟಾಗ ಹುಡುಕಿಕೊಂಡು ಹೋದೆ, ದಾರಿ ಕೇಳಿದ ಮೂರು ಆಟೋದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾಲ್ಕನೆಯವರು ಹೌದು ಸಾರ್ ಕಂಬ ಅಲ್ವಾ ಅಂತ ಕರಕೊಂಡು ಹೋದರು, ಮೀಟರಿಗಿಂತ ಇಪ್ಪತ್ತು ಜಾಸ್ತಿ ತಗೊಂಡರು, ಕೊಟ್ಟೆ.

ಹೈಫಾ ಒಂದೇ ಅಲ್ಲ, ಸಾಮಾನು ರಾಶಿ ಬಿದ್ದಿದೆ. ಮಂಗಳೂರಿನ ಬಾಸೆಲ್ ಮಿಷನ್ ತಗೊಳ್ಳಿ. 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದವರು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚು ಮಾಡಿದವರು. 1914ರಲ್ಲಿ ಯುದ್ಧ ಶುರುವಾಗಿದ್ದೇ ಅಲ್ಲಿದ್ದ ಜರ್ಮನರೆಲ್ಲ ಶತ್ರುಗಳಾಗಿಬಿಟ್ಟರು. ನಿನ್ನೆಯವರೆಗೆ ಕನ್ನಡದಲ್ಲಿ, ತುಳುವಿನಲ್ಲಿ ಮಾತಾಡಿಕೊಂಡು ಓಡಾಡ್ತಿದ್ದ ಪಾದ್ರಿಗಳನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಸಾಗಿಸಿದರು, ಕಾರ್ಖಾನೆಗಳು ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಮಂಗಳೂರು ಹೆಂಚಿನ ಕೆಳಗೆ ಹುಟ್ಟಿ ಬೆಳೆದ ಎಷ್ಟು ಜನಕ್ಕೆ ಇದು ಗೊತ್ತು?

ಎರಡನೇ ಯುದ್ಧಕ್ಕೆ ಬಂದರೆ ಬೆಂಗಳೂರೇ ಒಂದು ಎಪಿಸೋಡು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, 1943ರ ಹೊತ್ತಿಗೆ ಅದು ಅಮೆರಿಕದ ಸೈನ್ಯದ ವಿಮಾನ ರಿಪೇರಿಯ ಗ್ಯಾರೇಜ್ ಆಗಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳೀತಿದ್ದವು. ಹೌದು, ಅದೇ ಬೆಳ್ಳಂದೂರು ಕೆರೆ, ನೊರೆ ಉಕ್ಕಿ ಬೆಂಕಿ ಹತ್ಕೊಂಡಿದ್ದು. ಜಾಲಹಳ್ಳಿ ಕಡೆ ಇಟಲಿಯ ಯುದ್ಧ ಕೈದಿಗಳು ಇದ್ದರು, ಅಲ್ಲಿನ ಕಟ್ಟಡಗಳಲ್ಲಿ ಅವರ ಕೈಕೆಲಸ ಇದೆ.

ಮತ್ತೆ ಕೊಡಗಿನ ತಿಮ್ಮಯ್ಯನವರ ಮನೆ. ಜನರಲ್ ತಿಮ್ಮಯ್ಯ ಬರ್ಮಾದ ಅರಕಾನಿನಲ್ಲಿ ಮೊದಲು ಒಂದು ಬೆಟಾಲಿಯನ್, ಆಮೇಲೆ ಒಂದು ಬ್ರಿಗೇಡನ್ನೇ ಯುದ್ಧದಲ್ಲಿ ನಡೆಸಿದರು, ಬ್ರಿಟಿಷರ ಸೈನ್ಯದಲ್ಲಿ. ಅವರ ಅಣ್ಣ ಪೊನ್ನಪ್ಪ ಸಿಂಗಪುರದಲ್ಲಿ ಜಪಾನೀಯರಿಗೆ ಸೆರೆಸಿಕ್ಕು ನೇತಾಜಿಯವರ ಆಜಾದ್ ಹಿಂದ್ ಫೌಜಿಗೆ ಸೇರಿದರು. ತಮ್ಮ ಈ ಕಡೆ, ಅಣ್ಣ ಆ ಕಡೆ. ಮಡಿಕೇರಿಯಲ್ಲಿ ಅವರ ತಾಯಿ ಯಾವ ಸುದ್ದಿಗೆ ಕಾಯ್ತಿದ್ದರು ಅಂತ ಯೋಚಿಸಿದರೆ ನನಗೆ ಮುಂದಿನ ಮಾತು ಹೊರಡೋದಿಲ್ಲ. ಇದನ್ನು ಯಾರಾದರೂ ಹಿಂಗೆ ಅನ್ನೋದರೊಳಗೆ ಮುಗಿಸಿ, ನಡುವೆ ಜಾಹೀರಾತು ಹಾಕಿದರೆ ನಾನು ಫೋನನ್ನು ಕಿಟಕಿಯಿಂದ ಎಸೀತೀನಿ.

ಈಗ ತೂತು ಕಾಸಿನ ವಿಷಯ. ನಮ್ಮ ಅಜ್ಜಿ ಗುಬ್ಬಿ ಕಡೆಯ ಹಳ್ಳಿಯವರು, ತೀರಿಕೊಂಡು ಹನ್ನೆರಡು ವರ್ಷ ಆಯ್ತು. ಅವರ ಎಲೆಅಡಿಕೆ ಚೀಲದಲ್ಲಿ ಮಧ್ಯೆ ದೊಡ್ಡ ತೂತು ಇರುವ ಕಾಸೊಂದು ಇರ್ತಿತ್ತು. ಅದು ಯುದ್ಧದ ಕಾಸು ಮಗಾ ಅನ್ನೋರು. ಯುದ್ಧದ ಕಾಸು ಅಂದ್ರೆ ಗುಂಡು ತಗುಲಿ ತೂತು ಬಿದ್ದಿದೆ ಅಂತ ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಯುದ್ಧದಲ್ಲಿ ತಾಮ್ರಕ್ಕೆ ತತ್ವಾರ ಬಂದು 1943ರಿಂದ ಸರ್ಕಾರ ಕಾಸಿನ ನಡುವೆ ತೂತು ಬಿಟ್ಟು ಲೋಹ ಉಳಿಸಿತು ಅಂತ. ನಮ್ಮ ಮನೆಯಲ್ಲಿ ಅದನ್ನು ಕೂಸಿನ ಉಡಿದಾರಕ್ಕೆ ಕಟ್ಟೋರು, ತಾತ ಒಂದಷ್ಟನ್ನು ಗಾಡಿಗೆ ವಾಷರ್ ಮಾಡಿಕೊಂಡಿದ್ದರಂತೆ.

ಅಜ್ಜಿಗೆ ಹಿಟ್ಲರ್ ಗೊತ್ತಿರಲಿಲ್ಲ. ಜರ್ಮನಿ ಯುದ್ಧ ಅನ್ನೋರು, ಅಷ್ಟೆ. ಅವರಿಗೆ ಯುದ್ಧ ಅಂದ್ರೆ ಸೀಮೆಎಣ್ಣೆ ಸಿಗದೆ ಸಂಜೆ ಆಗ್ತಿದ್ದಂತೆ ಉಂಡು ಮಲಗಿದ್ದು, ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ಅಂತ ಅಮಲ್ದಾರರ ಕಡೆಯವರು ಬಂದು ಕಣದಲ್ಲೇ ರಾಗಿ ಅಳೆಸಿಕೊಂಡು ಹೋಗಿದ್ದು, ಮದುವೆ ಸೀರೆಗೆ ತುಮಕೂರಿಗೆ ಮೂರು ಸಲ ಅಲೆದಿದ್ದು. ಇದ್ದಿಲ ಬಸ್ಸಿನ ಕಥೆ ಹೇಳುವಾಗ ಮಾತ್ರ ನಗು. ಪೆಟ್ರೋಲ್ ಇಲ್ಲದೆ ಬಸ್ಸಿನ ಹಿಂದೆ ದೊಡ್ಡ ಡ್ರಮ್ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಎಂಜಿನ್ ಓಡಿಸೋದು. ಹೊರಡೋಕೆ ಮುಂಚೆ ಕ್ಲೀನರ್ ಹುಡುಗ ಅರ್ಧ ಗಂಟೆ ತಿದಿ ತಿರುಗಿಸಬೇಕು. ಏರು ಬಂದರೆ ಜನ ಇಳಿದು ತಳ್ಳಬೇಕು. ಅಜ್ಜಿ ತವರಿಗೆ ಹೊರಟಾಗ ಬಿಳಿ ಸೀರೆ ಉಟ್ಟಿದ್ದರಂತೆ, ಇಳಿದಾಗ ಅವರ ಅಮ್ಮನಿಗೆ ಗುರುತೇ ಸಿಗಲಿಲ್ಲವಂತೆ. ಆ ತಿದಿಯ ಸದ್ದನ್ನು ಅಜ್ಜಿ ಬಾಯಲ್ಲಿ ಮಾಡಿ ತೋರಿಸೋರು. ಅವರ ದನಿ ನನ್ನ ಹತ್ತಿರ ಇಲ್ಲ. ಫೋನ್ ಇತ್ತು, ರೆಕಾರ್ಡ್ ಮಾಡಲಿಲ್ಲ. ಮೊಮ್ಮಗನ ಮುಂಜಿಯ ವಿಡಿಯೊ ಇದೆ ನಾಲ್ಕು ಗಂಟೆಯದ್ದು, ಅದರಲ್ಲಿ ಅಜ್ಜಿ ಕೂತಿದ್ದಾರೆ, ಮಾತಾಡೋದಿಲ್ಲ.

ದನಿ ಅಂದಾಗ ಇನ್ನೊಂದು ಹೇಳಬೇಕು. ಮೊದಲ ಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕ ಭಾರತೀಯರನ್ನು ಬರ್ಲಿನ್ ಹತ್ತಿರದ ವುನ್ಸ್‌ಡೋರ್ಫ್‌ನಲ್ಲಿ ಇಟ್ಟಿದ್ದರು. ಅರ್ಧಚಂದ್ರ ಶಿಬಿರ ಅಂತ ಹೆಸರು. ಮುಸ್ಲಿಂ ಕೈದಿಗಳ ಮನಸ್ಸು ತಿರುಗಿಸೋಕೆ ಅಂತ 1915ರಲ್ಲಿ ಒಂದು ಮರದ ಮಸೀದಿಯನ್ನೇ ಕಟ್ಟಿಸಿಕೊಟ್ಟಿದ್ದರು. ಅಲ್ಲಿಗೆ ವಿಲ್ಹೆಲ್ಮ್ ಡೇಗನ್ ಅನ್ನೋ ಮಾಸ್ತರರು ತಂಡ ಕಟ್ಟಿಕೊಂಡು ಗ್ರಾಮಫೋನ್ ಯಂತ್ರ ಹೊತ್ತು ಬಂದರು. ಅವರಿಗೆ ಬೇಕಿದ್ದಿದ್ದು ಭಾಷೆಗಳ ಮಾದರಿ. ಕೈದಿಗಳನ್ನು ಒಬ್ಬೊಬ್ಬರನ್ನೇ ತುತ್ತೂರಿಯ ಮುಂದೆ ನಿಲ್ಲಿಸಿ ಹಾಡು, ಕಥೆ, ಎಣಿಕೆ ಹೇಳಿಸಿದರು. 1916ರ ಡಿಸೆಂಬರಿನಲ್ಲಿ ಮಲ್ ಸಿಂಗ್ ಅನ್ನೋ ಪಂಜಾಬಿನ ಸಿಪಾಯಿ ನಿಂತ. ತನ್ನ ಕಥೆಯನ್ನು ಬೇರೆ ಯಾರದೋ ಕಥೆಯ ಹಾಗೆ ಹೇಳಿದ. ಒಬ್ಬ ಮನುಷ್ಯ ಇದ್ದ, ಊರಲ್ಲಿ ಬೆಣ್ಣೆ ತಿಂದ್ಕೊಂಡು ಹಾಲು ಕುಡ್ಕೊಂಡು ಇದ್ದ, ಇಂಗ್ಲಿಷರ ಕೆಲಸಕ್ಕೆ ಸೇರಿದ, ಯುರೋಪಿನ ಯುದ್ಧಕ್ಕೆ ಬಂದ, ಜರ್ಮನಿಯವರು ಹಿಡಿದರು, ಈಗ ಅವನಿಗೆ ಊರಿಗೆ ಹೋಗಬೇಕು, ಹೋದರೆ ಮತ್ತೆ ಅದೇ ಊಟ ಸಿಗುತ್ತೆ. ಒಂದೆರಡು ನಿಮಿಷ ಅಷ್ಟೆ. ಆ ತಟ್ಟೆ ಈಗಲೂ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿದೆ. ನಾನು ಕೇಳಿದಾಗ ರೈಲು ಹಿರೇಹಳ್ಳಿ ದಾಟಿತ್ತು. ಪಂಜಾಬಿ ನನಗೆ ಬರೋದಿಲ್ಲ, ಆದರೂ ಮತ್ತೆ ಮತ್ತೆ ಅದನ್ನೇ ಹಾಕಿಕೊಂಡೆ.

ಇನ್ನು ಫ್ರಾನ್ಸಿನಲ್ಲಿದ್ದ ನಮ್ಮ ಸಿಪಾಯಿಗಳು. ಅವರು ಮನೆಗೆ ಬರೆದ ಕಾಗದಗಳನ್ನೆಲ್ಲ ಬ್ರಿಟಿಷರು ಒಡೆದು ಓದ್ತಿದ್ದರು. ಹಂಗಾಗಿ ಇವರು ಕರಿಮೆಣಸು, ಕೆಂಪುಮೆಣಸು ಅಂತ ಬರೆಯೋರು. ಕರಿಮೆಣಸು ಅಂದ್ರೆ ನಮ್ಮವರು, ಕೆಂಪುಮೆಣಸು ಅಂದ್ರೆ ಬಿಳಿಯರು. ಕರಿಮೆಣಸು ಖಾಲಿ ಆಗ್ತಾ ಇದೆ ಅಂತ ಬರೆದರೆ ಊರಲ್ಲಿದ್ದವರಿಗೆ ಅರ್ಥ ಆಗಬೇಕು. ಓದಿದ ಅಧಿಕಾರಿಗೂ ಅರ್ಥ ಆಯ್ತು, ಬರೆದಿಟ್ಟುಕೊಂಡ. ಅವನು ಬರೆದಿಟ್ಟಿದ್ದರಿಂದ ನಮಗೂ ಸಿಕ್ಕಿತು ಅನ್ನಿ. ಇಂಥ ಕಾಗದಗಳನ್ನು ಕನ್ನಡಕ್ಕೆ ತಂದು ಬೇರೆ ಬೇರೆ ದನಿಯಲ್ಲಿ ಓದಿಸಿದರೆ ಡ್ರಮ್ಮೇ ಬೇಕಾಗೋದಿಲ್ಲ.

ದನಿಯ ಕೆಲಸ ನಮಗೇನು ಹೊಸದಾ ಹೇಳಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದವರು ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ. ಅದರ ಹೆಸರು ಆಕಾಶವಾಣಿ. ಇಡೀ ದೇಶದ ರೇಡಿಯೊಗೆ ಆಮೇಲೆ ಬಂದ ಹೆಸರು ಮೈಸೂರಿನ ಒಂದು ಮನೆಯಿಂದ ಹೊರಟಿದ್ದು. ಅದೇ ಕೇಂದ್ರ ಎರಡನೇ ಯುದ್ಧ ಶುರುವಾದಾಗಲೂ ನಡೀತಿತ್ತು.

ಇನ್ನು ನನ್ನ ಬೇಡಿಕೆ. ದಿನಾ ಬೆಳಿಗ್ಗೆ ನಿಮ್ಮ ಪತ್ರಿಕೆಯವರು ಐದು ನಿಮಿಷದ ಸುದ್ದಿ ಆಡಿಯೊ ಹಾಕ್ತೀರಿ, ನಾನು ಕೇಳ್ತೀನಿ, ಓದುವ ಹೆಣ್ಣುಮಗಳ ದನಿ ಚೆನ್ನಾಗಿದೆ. ಅಂದ್ರೆ ಮೈಕು ಇದೆ, ಕೋಣೆ ಇದೆ. ನಿಮಗೆ ಪ್ರತಿ ತಾಲೂಕಿನಲ್ಲಿ ವರದಿಗಾರರು ಇದ್ದಾರೆ, ಅದು ಇಂಗ್ಲೆಂಡಿನ ಯಾವ ಪಾಡ್‌ಕಾಸ್ಟಿಗೂ ಇಲ್ಲ. ತಿಂಗಳಿಗೆ ಒಂದೇ ಒಂದು ಎಪಿಸೋಡು ಮಾಡಿ, ಮಹಾಯುದ್ಧಗಳಲ್ಲಿ ನಮ್ಮ ಕಡೆಯವರು ಅಂತ. 1945ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ನೂರು ದಾಟಿರಬೇಕು, ಸಿಪಾಯಿಗಳು ಸಿಗೋದು ಕಷ್ಟ. ಆದರೆ ಆಗ ಎಂಟು ಹತ್ತು ವರ್ಷದ ಮಕ್ಕಳಾಗಿದ್ದವರು ಇನ್ನೂ ಜಗುಲಿ ಮೇಲೆ ಕೂತಿದ್ದಾರೆ. ಇದ್ದಿಲ ಬಸ್ಸು ತಳ್ಳಿದವರು, ಲೆವಿಗೆ ಹೆದರಿ ರಾಗಿಯನ್ನು ಹಗೇವಿನಲ್ಲಿ ಬಚ್ಚಿಟ್ಟವರು, ಬರ್ಮಾದಿಂದ ನಡೆದುಕೊಂಡು ಬಂದವರನ್ನು ಕಂಡವರು. ನಿಮ್ಮ ವರದಿಗಾರರು ಹೋಗಿ ಫೋನ್ ಹಿಡಿದು ಕೂತರೆ ಸಾಕು. ನಡುವೆ ಬಾಯಿ ಹಾಕಬೇಡಿ ಅಂತ ಮಾತ್ರ ಹೇಳಿ ಕಳಿಸಿ.

ಇತಿಹಾಸದ ಮೇಷ್ಟ್ರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅಜ್ಜ ಹೇಳಿದ ವರ್ಷ ತಪ್ಪಿದ್ದರೆ ಅಜ್ಜನನ್ನು ತಿದ್ದೋದು ಬೇಡ, ಆಮೇಲೆ ಮೇಷ್ಟ್ರು ಹೇಳಲಿ. ತಪ್ಪು ಆದರೆ ಮುಂದಿನ ಎಪಿಸೋಡಿನ ಶುರುವಿನಲ್ಲೇ ಒಪ್ಪಿಕೊಳ್ಳಿ, ನಾನು ಕೇಳುವ ಒಳ್ಳೆಯ ಪಾಡ್‌ಕಾಸ್ಟಿನವರೆಲ್ಲ ಹಾಗೆ ಮಾಡ್ತಾರೆ. ವಾಟ್ಸಾಪಿನ 900 ಹತ್ತಿರವೂ ಸುಳಿಯೋದು ಬೇಡ. ಸ್ಮಾರಕದ ಮೇಲಿನ ಹೆಸರು ಓದುವಾಗ ಹಿಂದೆ ಏನೂ ಬಾರಿಸಬೇಡಿ. ಮತ್ತೆ ಒಂದೂವರೆ ಗಂಟೆ ಮೀರದಿದ್ದರೆ ಒಳ್ಳೇದು, ಯಶವಂತಪುರದಲ್ಲಿ ಇಳಿಯೋರಿಗೆ ಅನುಕೂಲ.

ಮೊದಲ ಎಪಿಸೋಡಿಗೆ ಏನೂ ಹೊಳೆಯದಿದ್ದರೆ ಅಜ್ಜಿಯ ತೂತು ಕಾಸು ನನ್ನ ಹತ್ತಿರ ಇದೆ, 1944ರದ್ದು. ಕಲ್ಲಿನ ಮೇಲೆ ಬಿದ್ದರೆ ಒಂಥರಾ ಸಣ್ಣಗೆ ಕಿಣಿ ಅನ್ನುತ್ತೆ, ಈಗಿನ ನಾಣ್ಯದ ಹಾಗಲ್ಲ. ಬೇಕಿದ್ದರೆ ಹೇಳಿ, ರೆಕಾರ್ಡ್ ಮಾಡಿ ಕಳಿಸ್ತೀನಿ.

ಇತಿ,
ತುಮಕೂರು–ಬೆಂಗಳೂರು ರೈಲಿನ ಒಬ್ಬ ದಿನದ ಪ್ರಯಾಣಿಕ